ಅಪ್ಪ ಹರಕೆ ಹೇಳಿಕೊಂಡ ಹುಂಜ

ನನ್ನ ಅಪ್ಪ ದೇವಪ್ಪನವರಿಗೆ ಒಂದು ಚಟವಿದೆ. ಕುಡಿತವಲ್ಲ, ಇಸ್ಪೀಟೂ ಅಲ್ಲ. ಹರಕೆ ಹೇಳಿಕೊಳ್ಳುವುದು. ಹಸು ಹಗ್ಗ ಬಿಚ್ಚಿಕೊಂಡು ಹೋದರೆ ಹರಕೆ, ಮಗ ಗಣಿತದಲ್ಲಿ ಪಾಸಾಗಲೆಂದು ಹರಕೆ, ಪಂಪ್‌ಸೆಟ್ ಕೆಟ್ಟು ನಿಂತರೂ ಹರಕೆ. ಪಂಪ್‌ಸೆಟ್ ರಿಪೇರಿ ಮಾಡುವುದೇ ನನ್ನ ಕಸುಬು. ಬಾಳಗಡಿಯಲ್ಲಿ ರಾಕೇಶನ ಎಲೆಕ್ಟ್ರಿಕ್ ಅಂಗಡಿ ಎಂದರೆ ಯಾರು ಬೇಕಾದರೂ ತೋರಿಸುತ್ತಾರೆ. ಅಂಥ ಮಗನನ್ನು ಮನೆಯಲ್ಲಿಟ್ಟುಕೊಂಡು ಅಪ್ಪ ಮೊದಲು ಚೌಡಿಯ ಹತ್ತಿರ ಓಡುವುದನ್ನು ನೋಡಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ನಾರ್ವೆಯ ನಮ್ಮ ಗದ್ದೆಯ ಅಂಚಿನಲ್ಲಿ, ನೇರಳೆ ಮರದ ಬುಡದಲ್ಲಿ ಬೆಳೆ ಕಾಯುವ ದೇವತೆ ಚೌಡಿಯ ಕಲ್ಲಿದೆ. ಆ ಕಲ್ಲಿಗೆ ನಮ್ಮ ಮನೆಯ ಕಷ್ಟಸುಖ ನನಗಿಂತ ಚೆನ್ನಾಗಿ ಗೊತ್ತು.

ಹೋದ ವರ್ಷದ ಬೇಸಿಗೆಯಲ್ಲಿ ಊರಿಗೆ ಕೊಕ್ಕರೆ ರೋಗ ಬಂತು. ಕೋಳಿಗಳಿಗೆ ಬರುವ ಮಾರಿ ಅದು. ಬೆಳಿಗ್ಗೆ ಚೆನ್ನಾಗಿದ್ದ ಕೋಳಿ ಸಂಜೆಗೆ ಕತ್ತು ತಿರುಚಿಕೊಂಡು ಬಿದ್ದಿರುತ್ತಿತ್ತು. ಲಸಿಕೆ ಹಾಕಿಸೋಣ ಎಂದು ನನ್ನ ಹೆಂಡತಿ ಗಗನಾ ಎರಡು ಸಲ ಹೇಳಿದ್ದಳು, ನಾನು ನಾಳೆ ನಾಡಿದ್ದು ಎನ್ನುವಷ್ಟರಲ್ಲಿ ಅಂಗಳ ಖಾಲಿಯಾಗತೊಡಗಿತು. ಆ ಗಾಬರಿಯಲ್ಲಿ ಅಪ್ಪ ಸೀದಾ ಗದ್ದೆಗೆ ಹೋಗಿ ಕೈ ಮುಗಿದು ಗಟ್ಟಿಯಾಗಿ ಹೇಳಿಬಿಟ್ಟರು. "ತಾಯಿ, ಈ ಕೋಳಿ ಕುಲ ಉಳಿಸ್ಕೊಡು. ಉಳಿದದ್ರಲ್ಲಿ ಮೇಲಾದ ಹುಂಜನ ಗದ್ದೆ ನಟ್ಟಿ ಮುಗಿದ ದಿನ ನಿಂಗೇ ಕೊಡ್ತೀನಿ."

ರೋಗ ನಿಂತಿತು. ಅಷ್ಟು ಹೊತ್ತಿಗೆ ಉಳಿದದ್ದು ಮೂರು ಹೇಟೆ, ಒಂದು ಹುಂಜ. ಉಳಿದದ್ದರಲ್ಲಿ ಮೇಲಾದದ್ದು ಯಾವುದೆಂದು ಆರಿಸುವ ತೊಂದರೆಯೇ ಇರಲಿಲ್ಲ. ಕೋಳಿ ಕುಲ ಉಳಿಸು ಎಂದು ಕೇಳಿಕೊಂಡ ಬಾಯಿಂದಲೇ, ಕುಲ ಬೆಳೆಯಲು ಬೇಕಾದ ಒಂದೇ ಒಂದು ಹುಂಜವನ್ನು ಅಪ್ಪ ಕೊಟ್ಟು ಕೂತಿದ್ದರು.

ಇವು ಸಂತೆಯಲ್ಲಿ ಸಿಗುವ ಕೋಳಿಗಳಲ್ಲ. ಗಗನಾ ಮದುವೆಯಾಗಿ ಬಂದ ವರ್ಷ ತನ್ನ ತವರು ಬೇಗಾರಿನಿಂದ ಬುಟ್ಟಿಯಲ್ಲಿ ಒಂದು ಹೇಟೆ, ಒಂದು ಹುಂಜ ತಂದಿದ್ದಳು. ಕಪ್ಪು ಕಾಲು, ದಪ್ಪ ಪುಕ್ಕ, ಹೇಟೆಗಳಿಗೆ ಮರಿ ಎಂದರೆ ಪ್ರಾಣ. ಶೃಂಗೇರಿ ಕಡೆಯ ಮಳೆಯಲ್ಲಿ ನೆಂದು ನೆಂದೇ ಬಂದ ಜಾತಿ ಅದು. ನಮ್ಮೂರಿನ ಅರ್ಧ ಮನೆಗಳಿಗೆ ಕಾವಿಗಿಡಲು ಮೊಟ್ಟೆ ನಮ್ಮಿಂದಲೇ ಹೋಗುತ್ತಿತ್ತು. ಈಗ ಆ ಮನೆಗಳಲ್ಲೂ ಒಂದೂ ಉಳಿದಿರಲಿಲ್ಲ. ಬೇಗಾರಿಗೆ ಫೋನು ಮಾಡಿದರೆ ಅವಳ ಅಮ್ಮ ಅಲ್ಲೂ ಗೂಡು ಖಾಲಿ ಎಂದು ಅತ್ತರಂತೆ. ಆ ಜಾತಿಯಲ್ಲಿ ಉಳಿದದ್ದು ನಮ್ಮ ಅಂಗಳದಲ್ಲಿದ್ದ ನಾಲ್ಕೇ.

ಕೊಪ್ಪದ ಸಂತೆಯಿಂದ ಬೇರೆ ಹುಂಜ ತಂದು ಚೌಡಿಗೆ ಕೊಟ್ಟರಾಯಿತಲ್ಲ ಎಂದು ನಾನು ಹೇಳಿದೆ. ಅಪ್ಪ ನನ್ನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದರು.

"ನಿನ್ನ ಅಂಗಡೀಲಿ ಡೂಪ್ಲಿಕೇಟ್ ಕೊಟ್ಟಂಗೆ ಅಂದ್ಕಂಡ್ಯಾ? ಹೇಳ್ಕಂಡಿದ್ದು ನಾನು, ಮಾರಾಯ. ಉಳಿದದ್ರಲ್ಲಿ ಅಂತ ಹೇಳ್ಕಂಡಿದ್ದು."

ಅವರ ಕಣ್ಣು ಒದ್ದೆಯಾಗಿತ್ತು. ಅವರಿಗೂ ಆ ಹುಂಜ ಎಂದರೆ ಜೀವ. ಅದು ದಿನಾ ಅವರ ತಟ್ಟೆಯಿಂದಲೇ ಅನ್ನ ಹೆಕ್ಕುತ್ತಿತ್ತು.

ಗಗನಾ ಜಗಳ ಮಾಡುತ್ತಾಳೆಂದು ನಾನು ಕಾದೆ. ಅವಳು ಮಾಡಲಿಲ್ಲ. ಚೌಡಿಗೆ ಮೋಸ ಮಾಡುವ ಹೆಂಗಸು ಅವಳಲ್ಲ. "ಹೇಳಿದ ಮೇಲೆ ಕೊಡ್ಲೇಬೇಕು, ಮಾವಯ್ಯ" ಎಂದಳು. ಆಮೇಲೆ ನನ್ನ ಕಡೆ ತಿರುಗಿದಳು. "ನಟ್ಟಿಗೆ ಮಿಷನ್ ಬುಕ್ ಮಾಡಿದೀರಲ್ಲ, ಅದನ್ನ ಕ್ಯಾನ್ಸಲ್ ಮಾಡಿ."

ನನಗೆ ಅರ್ಥವಾಗಲಿಲ್ಲ. ಅವಳು ಬಿಡಿಸಿ ಹೇಳಿದಳು. ಮಿಷನ್‌ನಲ್ಲಿ ನೆಟ್ಟರೆ ಎಳೇ ಸಸಿ ಸಾಕು, ಒಂದೇ ದಿನದಲ್ಲಿ ನಟ್ಟಿ ಮುಗಿಯುತ್ತದೆ, ಹುಂಜದ ಕತೆಯೂ ಮುಗಿಯುತ್ತದೆ. ಕೈಯಲ್ಲಿ ನೆಡುವುದಾದರೆ ಸಸಿಮಡಿಯಲ್ಲಿ ಸಸಿ ಬಲಿಯಬೇಕು, ನೆಡುವುದಕ್ಕೂ ದಿನ ಹಿಡಿಯುತ್ತದೆ. ರೋಗದಿಂದ ಎದ್ದ ಹೇಟೆಗಳು ಇನ್ನೂ ಮೊಟ್ಟೆ ಇಡಲು ಶುರು ಮಾಡಿರಲಿಲ್ಲ. ಅವು ಇಡುವವರೆಗಾದರೂ ಹುಂಜ ಬದುಕಿರಬೇಕು. ಅದು ಹೋಗುವುದರೊಳಗೆ ಒಂದು ಹೇಟೆಯ ಹೊಟ್ಟೆಯಡಿ ತುಂಬುವಷ್ಟು ಮೊಟ್ಟೆ ಸೇರಿಸಿ ಕಾವಿಗೆ ಕೂರಿಸಿಬಿಡುತ್ತೇನೆ, ಅದರಲ್ಲಿ ಒಂದಾದರೂ ಹುಂಜ ಆಗುತ್ತದೆ ಎಂದಳು.

"ಮಳೆಗಾಲದಲ್ಲಿ ಕಾವಿಗಾ?" ಅಡಿಗೆಮನೆಯಿಂದ ಅಮ್ಮ ಯಮುನಮ್ಮ ಕೇಳಿದರು. "ಗುಡುಗಿಗೆ ಅರ್ಧ ಕೆಡ್ತಾವೆ. ಒಡೆದು ಬಂದವು ಥಂಡಿಗೆ ಸಾಯ್ತಾವೆ. ಯಾರಾದ್ರೂ ಕೇಳಿದ್ರೆ ನಗ್ತಾರೆ ಕಣೆ."

"ನಗ್ಲಿ ಬಿಡಿ ಅತ್ತೆ. ನಕ್ಕವ್ರೇ ದೀಪಾವಳಿಗೆ ಮೊಟ್ಟೆ ಕೇಳ್ಕಂಡು ಬರ್ತಾರೆ."

ನಕ್ಕರು. ಪಕ್ಕದ ಮನೆಯ ಪುಟ್ಟಯ್ಯ ಬೇಲಿಯಾಚೆ ನಿಂತು, ಊರೆಲ್ಲ ಮಿಷನ್ ಹಾಕುವಾಗ ನಿಮ್ಮ ಮನೆ ಹಿಂದಕ್ಕೆ ಹೋಗ್ತಾ ಇದೆಯಲ್ಲ ಎಂದ. ಆಳು ಸಿಗದ ಕಾಲ. ಗಗನಾ ಮನೆ ಮನೆಗೆ ಹೋಗಿ ಮುಯ್ಯಾಳು ಕಟ್ಟಿದಳು. ಅಂದರೆ ಇವತ್ತು ಅವರ ತೋಟದಲ್ಲಿ ನಾವು, ನಾಳೆ ನಮ್ಮ ಗದ್ದೆಯಲ್ಲಿ ಅವರು. ಹೆಚ್ಚಿನ ಮುಯ್ಯಿ ತೀರಿಸಿದ್ದು ಅವಳೇ. ಸೊಂಟ ಹಿಡಿದುಕೊಂಡು ಸಂಜೆ ಬರುತ್ತಿದ್ದಳು, ಬಂದವಳು ಕೈಕಾಲು ತೊಳೆಯುವ ಮೊದಲು ಕೋಳಿಗೂಡಿಗೆ ಬಗ್ಗಿ ನೋಡುತ್ತಿದ್ದಳು.

ಆರಿದ್ರಾ ಮಳೆ ಹಿಡಿದ ಮೇಲೆ ನಮ್ಮ ಕಡೆ ಬಿಸಿಲು ಎಂಬುದು ಕೇಳಿ ತಿಳಿಯುವ ಸಂಗತಿ. ಡಿಸೆಂಬರಿನ ಚಳಿಗೆ ಕಂಬಳಿ ಹೊದ್ದರೆ ಸಾಕು, ಈ ಚಳಿಗೆ ಕಂಬಳಿಯೇ ಒದ್ದೆ. ಇಂಥದ್ದರಲ್ಲಿ ಕೋಳಿ ಮೊಟ್ಟೆ ಇಡುವುದೆಂದರೆ ಅದಕ್ಕೆ ಮನಸ್ಸು ಬರಬೇಕು. ಗಗನಾ ಮನಸ್ಸು ಬರಿಸಿದಳು. ಗೂಡನ್ನು ನೆಲದಿಂದ ಎತ್ತರಕ್ಕೆ ಏರಿಸಿದಳು. ಗಾಳಿ ಬೀಸುವ ಕಡೆಗೆ ಗೋಣಿ ಕಟ್ಟಿದಳು, ಆದರೆ ಪೂರ್ತಿ ಮುಚ್ಚಲಿಲ್ಲ. ಪೂರ್ತಿ ಮುಚ್ಚಿದರೆ ಒಳಗೆ ಬೆವೆತು ಇನ್ನೂ ಥಂಡಿಯಾಗುತ್ತದಂತೆ. ದಿನಾ ಒಲೆಯ ಬೂದಿ, ಒಣ ಭತ್ತದ ಹೊಟ್ಟು ಹಾಸಿ ಹಳೆಯದನ್ನು ತೆಗೆಯುತ್ತಿದ್ದಳು. ಅನ್ನಕ್ಕೆ ಅರಿಶಿನ, ಬೆಳ್ಳುಳ್ಳಿ ಕಲಸಿ ಬಿಸಿಬಿಸಿಯಾಗಿ ಹಾಕುತ್ತಿದ್ದಳು. ನನಗೆ ತಂಗಳು, ಕೋಳಿಗೆ ಬಿಸಿ. ಕೇಳಿದರೆ, "ನೀವು ಮೊಟ್ಟೆ ಇಡ್ತೀರಾ?" ಎಂದಳು.

ಅಂತೂ ಎರಡು ಹೇಟೆ ಮೊಟ್ಟೆ ಇಡತೊಡಗಿದವು. ಒಂದೊಂದನ್ನೂ ತಂದು ಅಕ್ಕಿ ಡಬ್ಬದ ಪಕ್ಕ ಹೊಟ್ಟಿನ ಬುಟ್ಟಿಯಲ್ಲಿ ಚೂಪು ತುದಿ ಕೆಳಗೆ ಮಾಡಿ ನಿಲ್ಲಿಸಿದಳು. ನಾನು ಆಮ್ಲೆಟ್ ಎಂದು ಬಾಯಿಬಿಟ್ಟದ್ದಕ್ಕೆ ಎರಡು ದಿನ ಮುಖ ತಿರುಗಿಸಿದಳು. ಮೂರನೆಯದು ಎಲ್ಲಕ್ಕಿಂತ ಹಿರಿಯ ಹೇಟೆ. ಅದು ಮೊಟ್ಟೆ ಇಡದೆಯೇ ಕಾವಿಗೆ ಬಂದು ಕೊಕ್ ಕೊಕ್ ಎಂದು ಪುಕ್ಕ ಕೆದರಿಕೊಂಡು ಕೂತಿತು. ಮಳೆಗಾಲದಲ್ಲಿ ಕಾವಿಗೆ ಬಂದ ಕೋಳಿಯನ್ನು ತಣ್ಣೀರಿನಲ್ಲಿ ಅದ್ದಿ ಕಾವು ಬಿಡಿಸುವುದು ನಮ್ಮಲ್ಲಿ ರೂಢಿ. ಅಮ್ಮ ರೂಢಿಯಂತೆ ಬಕೆಟ್ ತಂದೂ ಆಗಿತ್ತು. ಗಗನಾ ಬಕೆಟ್ ಕಸಿದು ಚೆಲ್ಲಿದಳು.

ಹೇಟೆಯ ಕೆಳಗೆ ಹದಿಮೂರು ಮೊಟ್ಟೆ ಇಟ್ಟಳು. ಬುಟ್ಟಿಯಲ್ಲಿ ಒಂದು ತುಂಡು ಕಬ್ಬಿಣ, ಒಂದು ತುಂಡು ಇದ್ದಿಲನ್ನೂ ಇಟ್ಟಳು, ಗುಡುಗು ತಾಗದಿರಲೆಂದು. ವಿಜ್ಞಾನ ಓದಿದ ನಾನು ನಕ್ಕೆ. ಕಬ್ಬಿಣದ ತುಂಡು ನನ್ನ ಅಂಗಡಿಯ ಸ್ಪ್ಯಾನರ್ ಎಂದು ಗೊತ್ತಾದ ಮೇಲೆ ನಗು ನಿಂತಿತು.

ವಾರ ಕಳೆದ ಮೇಲೆ ಕತ್ತಲೆ ಕೋಣೆಯಲ್ಲಿ ಮೊಬೈಲ್ ಟಾರ್ಚ್ ಹಚ್ಚಿ ಒಂದೊಂದೇ ಮೊಟ್ಟೆಯನ್ನು ಹಿಡಿದು ನನಗೆ ತೋರಿಸಿದಳು. ಒಳಗೆ ಕೆಂಪು ನೂಲಿನಂಥ ನರಗಳು, ನಡುವೆ ಒಂದು ಚುಕ್ಕೆ ಅಲ್ಲಾಡುತ್ತಿತ್ತು. ಇನ್ನೊಮ್ಮೆ ತೋರಿಸು ಎಂದೆ. ನಾಲ್ಕು ಮೊಟ್ಟೆ ಬರಿದಾಗಿದ್ದವು. ಅವನ್ನು ತೆಗೆದಳು. ಉಳಿದದ್ದು ಒಂಬತ್ತು.

ಪುಷ್ಯ ಮಳೆಯ ಶುರುವಿನಲ್ಲಿ ನಮ್ಮ ನಟ್ಟಿ ಮುಗಿಯಿತು. ಊರಿಗೇ ಕೊನೆಯ ನಟ್ಟಿ. ಕೊನೆಯ ಸಸಿ ಊರಿ ಎಲ್ಲರೂ ಗದ್ದೆಯಂಚಿಗೆ ಹತ್ತಿದಾಗ ಹುಂಜವನ್ನು ತಂದುಕೊಟ್ಟವಳು ಗಗನಾ. ಅಪ್ಪ ತರಲಾರೆ ಎಂದು ನೇರಳೆ ಮರದ ಹತ್ತಿರವೇ ನಿಂತುಬಿಟ್ಟಿದ್ದರು. ಅವಳು ಅದರ ಕಾಲು ತೊಳೆದು, ತಲೆಗೆ ಕುಂಕುಮ ಹಚ್ಚಿ, ಅಪ್ಪನ ಕೈಗಿಟ್ಟು ಮನೆಗೆ ಹೋದಳು. ಮಧ್ಯಾಹ್ನ ಮುಯ್ಯಾಳುಗಳಿಗೆ ಕಡುಬು, ಕೋಳಿ ಸಾರು ಬಡಿಸಿದವಳೂ ಅವಳೇ. ತಾನು ಮಾತ್ರ ಕಡುಬಿಗೆ ಜೋನಿ ಬೆಲ್ಲ ಹಾಕಿಕೊಂಡು ತಿಂದಳು. ಅಪ್ಪ ಊಟಕ್ಕೇ ಬರಲಿಲ್ಲ. ಮೊಟ್ಟೆಗಳು ಇನ್ನೂ ಒಡೆದಿರಲಿಲ್ಲ. ಅವತ್ತು ನಮ್ಮ ಮನೆಯಲ್ಲಿ ಹುಂಜ ಎಂಬುದು ಇರಲಿಲ್ಲ.

ಅದಾಗಿ ಎರಡು ದಿನಕ್ಕೆ ಮರಿಗಳು ಒಡೆದು ಬಂದವು. ಏಳು ಬಂದವು, ಎರಡು ಚಿಪ್ಪಿನಲ್ಲೇ ಸತ್ತವು. ಗಗನಾ ಬುಟ್ಟಿಯ ಪಕ್ಕ ಕೂತು ಅತ್ತಳು. ಸತ್ತದ್ದಕ್ಕೆ ಅತ್ತಳೋ ಬದುಕಿದ್ದಕ್ಕೆ ಅತ್ತಳೋ ನನಗೆ ಗೊತ್ತಾಗಲಿಲ್ಲ, ಅವಳಿಗೂ ಗೊತ್ತಿರಲಿಲ್ಲವಂತೆ.

ಇನ್ನು ನನ್ನ ಪಾಲಿನ ಸೇವೆ ಎಂದು ನಾನು ಒಂದು ದೊಡ್ಡ ರಟ್ಟಿನ ಪೆಟ್ಟಿಗೆಗೆ ಬಲ್ಬು ಜೋಡಿಸಿ ತಂದೆ. ಫಳಫಳ ಬೆಳಕು. ಮರಿಗಳು ಆ ಬೆಳಕಿನ ಕೆಳಗೆ ಒಂದರ ಮೇಲೊಂದು ಹತ್ತಿ ನಡುಗತೊಡಗಿದವು. ಗಗನಾ ಬಲ್ಬನ್ನು ಬರಿಗೈಯಲ್ಲಿ ಮುಟ್ಟಿದಳು.

"ರೀ, ಇದು ಎಲ್‌ಇಡಿ ಅಲ್ವಾ? ತಣ್ಣಗಿದೆ! ಕಾವು ಕೊಡಕ್ಕೆ ತಂದ್ರಾ, ಓದಿಸಕ್ಕೆ ತಂದ್ರಾ?"

ಇಪ್ಪತ್ತು ವರ್ಷ ಬಲ್ಬು ಮಾರಿದವನಿಗೆ ಈ ಮಾತು. ಅಂಗಡಿಯ ಅಟ್ಟದಲ್ಲಿ ಧೂಳು ಹಿಡಿದಿದ್ದ ಹಳೆಯ ತಂತಿ ಬಲ್ಬುಗಳನ್ನು ಹುಡುಕಿ ತಂದೆ. ಅವು ಬಿಸಿಯಾದವು. ಮಾರನೆಯ ದಿನ ಎಲ್ಲೋ ಮರ ಬಿದ್ದು ಲೈನ್ ಹರಿಯಿತು, ಕರೆಂಟು ವಾರವಿಡೀ ಬರಲಿಲ್ಲ. ಆಮೇಲೆ ಮರಿಗಳನ್ನು ಕಾಯ್ದದ್ದು ಬಚ್ಚಲೊಲೆ ಮತ್ತು ಹಿರಿಯ ಹೇಟೆಯ ರೆಕ್ಕೆ. ಸ್ನಾನಕ್ಕೆ ಹೋದರೆ ಹಂಡೆಯ ಬುಡದಲ್ಲಿ ಕೋಳಿ ಸಂಸಾರ. ಹೇಟೆ ನನ್ನನ್ನು ಕಂಡರೆ ಕುಕ್ಕಲು ಬರುತ್ತಿತ್ತು. ನಾನು ಲುಂಗಿ ಬಿಗಿಯಾಗಿ ಹಿಡಿದುಕೊಂಡು ಸ್ನಾನ ಮುಗಿಸಿ ಓಡಿಬರುತ್ತಿದ್ದೆ.

ಆಶ್ಲೇಷ ಮಳೆಯಲ್ಲಿ ಎರಡು ಮರಿ ಥಂಡಿಗೆ ಹೋದವು. ಐದು ಉಳಿದವು. ಪುಕ್ಕ ಮೂಡಿದಂತೆ ಮನೆಯವರೆಲ್ಲ ಜ್ಯೋತಿಷಿಗಳಾದೆವು. ಇದರ ಕಾಲು ದಪ್ಪ, ಇದು ಹುಂಜ. ಇದು ಜಗಳಗಂಟಿ, ಇದೇ ಹುಂಜ. ಜುಟ್ಟು ಕೆಂಪಾಗುವ ಹೊತ್ತಿಗೆ ಸಂಶಯ ಉಳಿಯಲಿಲ್ಲ. ನಾಲ್ಕು ಹೇಟೆ. ಒಂದು ಹುಂಜ. ಮತ್ತೆ ಒಂದೇ.

ಅಪ್ಪ ನಟ್ಟಿಯ ದಿನದಿಂದ ಕುಗ್ಗಿಹೋಗಿದ್ದರು. ಸೊಸೆಯ ಮುಂದೆ ತಲೆ ಎತ್ತುತ್ತಿರಲಿಲ್ಲ. ಏನಾದರೂ ಸಹಾಯ ಮಾಡಬೇಕೆಂಬ ಚಡಪಡಿಕೆ ಅವರಿಗೆ. ಮಖೆ ಮಳೆಯ ಒಂದು ಮಧ್ಯಾಹ್ನ ಗಗನಾ ಲಸಿಕೆ ತರಲು ಕೊಪ್ಪದ ಪಶು ಆಸ್ಪತ್ರೆಗೆ ಹೋಗಿದ್ದಳು. ಈ ಸಲ ಅವಳು ನನ್ನನ್ನು ನಂಬಿ ಕೂರಲಿಲ್ಲ. ಕರೆಂಟು ಮತ್ತೆ ಹೋಗಿದ್ದರಿಂದ ನಾನೂ ಅಂಗಡಿಗೆ ಬಾಗಿಲು ಹಾಕಿ ಮನೆಯಲ್ಲಿದ್ದೆ. ಮೋಡ ಸ್ವಲ್ಪ ಹರಿದು ಬಿಸಿಲು ಇಣುಕಿತು. ಪಾಪ, ಬಿಸಿಲು ಕಾಯಲಿ ಎಂದು ಅಪ್ಪ ಮರಿಗಳನ್ನು ಅಂಗಳಕ್ಕೆ ಬಿಟ್ಟರು.

ಮಳೆ ಹೇಳಿಕೇಳಿ ಬರುತ್ತದೆಯೇ? ಗುಡ್ಡದ ಕಡೆಯಿಂದ ಒಂದೇ ಸಲಕ್ಕೆ ಸುರಿಯಿತು. ಹೇಟೆ ಕೂಗಿದ್ದೇ ನಾಲ್ಕು ಮರಿ ಓಡಿಬಂದು ರೆಕ್ಕೆಯಡಿ ಸೇರಿದವು. ಹುಂಜದ ಮರಿಗೆ ಆಗಲೇ ದೊಡ್ಡವನಾದೆನೆಂಬ ಗತ್ತು, ಅಂಗಳದಾಚೆ ಹೋಗಿ ಹುಳ ಕೆದರುತ್ತಿತ್ತು. ನೀರು ಅದನ್ನು ಎತ್ತಿ ಚರಂಡಿಗೆ ಹಾಕಿತು. ಅಪ್ಪ ಈ ವಯಸ್ಸಿನಲ್ಲಿ ಚರಂಡಿಗೆ ಧುಮುಕಿ ಹಿಡಿದು ತಂದಾಗ ಅದರ ಕತ್ತು ಜೋತುಬಿದ್ದಿತ್ತು. ಮುಟ್ಟಿದರೆ ಐಸಿನ ಹಾಗೆ ತಣ್ಣಗೆ.

ಅದೇ ಹೊತ್ತಿಗೆ ಬಸ್ಸಿಳಿದು ಗಗನಾ ಬಂದಳು. ಕೈಯಲ್ಲಿ ಐಸು ತುಂಬಿದ ಥರ್ಮಾಸ್, ಅದರೊಳಗೆ ಲಸಿಕೆಯ ಸೀಸೆ. ಯಾರೂ ಹೇಳದೆಯೇ ಎಲ್ಲ ಗೊತ್ತಾಯಿತು ಅವಳಿಗೆ. ಥರ್ಮಾಸ್ ಇಟ್ಟು ಮರಿಯನ್ನು ಕಿತ್ತುಕೊಂಡು ಬಚ್ಚಲಿಗೆ ಓಡಿದಳು. ನಾವೆಲ್ಲ ಹಿಂದೆ ಓಡಿದೆವು. ಮರಿಯನ್ನು ತಲೆಕೆಳಗೆ ಮಾಡಿ ಬಾಯಿಯ ನೀರು ಸೋರಿಸಿ, ಸೆರಗಿನಿಂದ ಒರೆಸಿ, ಒಲೆಯ ಮುಂದೆ ಕೂತು ಎರಡು ಕೈಯಲ್ಲಿ ಮುಚ್ಚಿ ಹಿಡಿದಳು. ಮರಿ ಅಲ್ಲಾಡಲಿಲ್ಲ.

ಅಪ್ಪ ಒದ್ದೆ ಬಟ್ಟೆಯಲ್ಲೇ ಬಾಗಿಲಲ್ಲಿ ನಿಂತಿದ್ದರು. ಆಮೇಲೆ ಗದ್ದೆಯ ಕಡೆಗೆ ತಿರುಗಿ ಕೈ ಮುಗಿದರು.

"ತಾಯಿ ಚೌಡಿ, ತಪ್ಪು ನಂದು. ಈ ಒಂದು ಜೀವ ಉಳಿಸ್ಕೊಡು. ಉಳಿಸ್ಕೊಟ್ರೆ ಬರೋ ನಟ್ಟಿಗೆ ನಿಂಗೆ..."

ಗಗನಾ ಮರಿಯನ್ನು ಅಮ್ಮನ ಮಡಿಲಿಗೆ ಹಾಕಿದವಳೇ ಎದ್ದು ಹೋಗಿ ಮಾವನ ಬಾಯಿಯನ್ನು ಕೈಯಿಂದ ಮುಚ್ಚಿದಳು. ಒದ್ದೆ ಕೈ, ಬೂದಿ ಮೆತ್ತಿದ ಕೈ. ನಮ್ಮ ಮನೆಯಲ್ಲಿ ಸೊಸೆ ಮಾವನ ಸಮಕ್ಕೆ ಬೆಂಚಿನ ಮೇಲೂ ಕೂರುವುದಿಲ್ಲ. ಅಮ್ಮ "ಅಯ್ಯೋ" ಎಂದರು.

"ಮಾವಯ್ಯ, ದಮ್ಮಯ್ಯ ಅಂತೀನಿ, ಬಾಯಿ ಬಿಡ್ಬೇಡಿ." ಅವಳು ಕೈ ತೆಗೆಯಲಿಲ್ಲ. "ಉಳಿದ್ರೆ ಕೊಡ್ತೀನಿ ಅಂದ್ರೆ ಉಳಿದಂಗೆ ಹೆಂಗಾಯ್ತು? ಸತ್ರೆ ನನ್ನ ಕೈಯಲ್ಲೇ ಸಾಯ್ಲಿ. ಉಳಿದ್ರೆ ನಂಗೆ ಉಳೀಲಿ. ಇದಕ್ಕೆ ಮಾತ್ರ ಯಾರಿಗೂ ಎಂತನೂ ಹೇಳ್ಕಬೇಡಿ."

ಅಪ್ಪ ಕಣ್ಣು ಬಿಟ್ಟುಕೊಂಡು ಅವಳನ್ನೇ ನೋಡಿದರು. ಅವಳು ಕೈ ತೆಗೆದ ಮೇಲೂ ಅವರ ಬಾಯಿ ತೆರೆಯಲಿಲ್ಲ. ನಿಧಾನಕ್ಕೆ ಹೊರಗೆ ಹೋಗಿ ಜಗಲಿಯಲ್ಲಿ ಕೂತರು. ಅವರ ಹಿಂದೆ ಹೋಗಬೇಕೋ ಹೆಂಡತಿಯ ಹತ್ತಿರ ಇರಬೇಕೋ ತಿಳಿಯದೆ ನಾನು ಒಲೆಗೆ ಕಟ್ಟಿಗೆ ಹಾಕುತ್ತ ಕೂತೆ. ಅವಳ ಮೇಲೆ ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಇಷ್ಟು ವರ್ಷ ನಾನು ಒಳಗೊಳಗೇ ಉರಿದದ್ದನ್ನು ಅವಳು ಒಂದು ಅಂಗೈಯಲ್ಲಿ ಮುಗಿಸಿದ್ದಳು.

ಅಮ್ಮ ಬಟ್ಟೆ ಬಿಸಿ ಮಾಡಿ ಮಾಡಿ ಕೊಟ್ಟರು. ಗಗನಾ ಮರಿಯನ್ನು ಅದರಲ್ಲಿ ಸುತ್ತಿ ಎದೆಗೆ ಒತ್ತಿ ಹಿಡಿದಳು. ಎಷ್ಟು ಹೊತ್ತಾಯಿತೋ, ಒಂದು ಕಾಲು ಕಂಪಿಸಿತು. ಆಮೇಲೆ ಕಣ್ಣಿನ ಪೊರೆ ಸರಿಯಿತು. ಬೆಲ್ಲದ ನೀರನ್ನು ಬೆರಳ ತುದಿಯಿಂದ ಕೊಕ್ಕಿಗೆ ತಾಗಿಸಿದಳು. ಕತ್ತಲಾಗುವ ಮೊದಲು ಅದು ಎದ್ದು ನಿಂತು, ಒಂದು ಸಲ ಮುಗ್ಗರಿಸಿ, ನನ್ನ ಕಾಲ್ಬೆರಳನ್ನು ಕುಕ್ಕಿತು. ಅಮ್ಮ ಜೋರಾಗಿ ನಕ್ಕರು. ಜಗಲಿಗೆ ಕೇಳಿಸಿರಲೇಬೇಕು, ಆದರೆ ಅಪ್ಪ ಒಳಗೆ ಬರಲಿಲ್ಲ.

ಲಸಿಕೆ ಕೆಡುವ ಮೊದಲೇ ಅವತ್ತೇ ಉಳಿದ ಕೋಳಿಗಳಿಗೆಲ್ಲ ಹಾಕಿದಳು. ಹುಂಜಕ್ಕೆ ಮಾತ್ರ ಸುಧಾರಿಸಿಕೊಂಡ ಮೇಲೆ ಮತ್ತೊಮ್ಮೆ ಕೊಪ್ಪಕ್ಕೆ ಹೋಗಿ ಬಂದಳು.

ಅಪ್ಪ ಮಾತು ಬಿಟ್ಟರು. ಸೊಸೆಯೊಂದಿಗೆ ಮಾತ್ರವಲ್ಲ, ಎಲ್ಲರೊಂದಿಗೂ. ಹಾಕಿದ್ದನ್ನು ಉಣ್ಣುತ್ತಿದ್ದರು, ತೋಟಕ್ಕೆ ಹೋಗಿ ಬರುತ್ತಿದ್ದರು. ಗಗನಾ ಒಂದು ದಿನ ಕಾಲಿಗೆ ಬಿದ್ದು "ಕೈ ಮುಟ್ಟಿಸಿದ್ದು ತಪ್ಪಾಯ್ತು, ಮಾವಯ್ಯ. ಆಡಿದ ಮಾತು ತಪ್ಪಲ್ಲ" ಎಂದಳು. ಕ್ಷಮೆ ಕೇಳುವುದಕ್ಕೂ ಒಂದು ರೀತಿ ಬೇಡವೇ ಎಂದು ನಾನು ಹಣೆ ಚಚ್ಚಿಕೊಂಡೆ. ಅಪ್ಪ ಅವಳ ತಲೆ ಮುಟ್ಟಿ ತೋಟಕ್ಕೆ ಹೋದರು.

ಹುಬ್ಬೆ ಮಳೆಯ ಒಂದು ಬೆಳಿಗ್ಗೆ ಅವರು ತೆಂಗಿನಕಾಯಿ ಹಿಡಿದು ಗದ್ದೆಯ ಕಡೆಗೆ ಹೊರಟದ್ದನ್ನು ನಾನು ಕಂಡೆ. ಇಷ್ಟು ದಿನ ಬಾಯಿ ಕಟ್ಟಿಕೊಂಡಿದ್ದವರು ಈಗ ಎಲ್ಲವನ್ನೂ ಸೇರಿಸಿ ಹೇಳಿಕೊಂಡುಬಿಡುತ್ತಾರೆ ಎಂದು ಕೊಡೆ ಹಿಡಿದು ಹಿಂದೆಯೇ ಓಡಿದೆ. ನಾನು ತಲುಪುವಷ್ಟರಲ್ಲಿ ಅವರು ನೇರಳೆ ಮರದ ಬುಡದಲ್ಲಿ ಕೈ ಮುಗಿದು ನಿಂತಾಗಿತ್ತು. ನಾನು ಮರದ ಹಿಂದೆ ನಿಂತೆ.

"ತಾಯಿ, ನಿಂದು ನಿಂಗೆ ನಟ್ಟಿ ದಿನ ಬಂದಿದೆ. ಬಾಕಿ ಇಟ್ಕಂಡಿಲ್ಲ. ಈಗ ಮನೇಲಿ ಒಂದು ಹುಂಜ ಇದೆ. ಅದು ನಿಂದಲ್ಲ, ನಂದೂ ಅಲ್ಲ. ನಾನು ಹೇಳ್ಕಣಕ್ಕೆ ಹೋಗಿದ್ದೆ, ಅವಳು ಬಿಡ್ಲಿಲ್ಲ. ಬಿಡದೇ ಇದ್ದಿದ್ದು ಒಳ್ಳೇದಾಯ್ತು ಅಂತ ಹೇಳಿ ಹೋಗಣ ಅಂತ ಬಂದೆ." ಕಲ್ಲಿನ ಮೇಲೆ ಬಿದ್ದಿದ್ದ ಎಲೆಯನ್ನು ತೆಗೆದು ಮತ್ತೆ ಹೇಳಿದರು. "ನಿಂಗೆ ಬೇಕೇ ಬೇಕು ಅಂತಾದ್ರೆ ಅವಳನ್ನೇ ಕೇಳು. ನಂಗಂತೂ ಧೈರ್ಯ ಇಲ್ಲ."

ಆಮೇಲೆ ಕಾಯಿ ಒಡೆದರು. ಒಂದು ಹೋಳನ್ನು ಚೌಡಿಯ ಮುಂದಿಟ್ಟರು. ಇನ್ನೊಂದನ್ನು ಪಂಚೆಯ ಅಂಚಿಗೆ ಒರೆಸಿ, ನಾನು ಮರದ ಹಿಂದಿರುವುದು ಮೊದಲೇ ಗೊತ್ತಿದ್ದವರಂತೆ ಕೈ ಚಾಚಿ ನನಗೆ ಕೊಟ್ಟು, "ಇದು ನಿನ್ನ ಹೆಂಡ್ತಿಗೆ" ಎಂದರು.